28ನೇ ದಿನಕ್ಕೇ ಹೇಳುತ್ತೇನೆ ಅಂದಾಗ ಯಾರೂ ನಂಬಲಿಲ್ಲ

ಕೋರ್ಸು ಶುರುವಾದ 28ನೇ ದಿನಕ್ಕೇ ಯಾರು ಪಾಸು, ಯಾರು ಕಷ್ಟ ಅಂತ ಹೇಳುತ್ತೇನೆ ಅಂದಾಗ ಜೊತೆಯವರು ಒಪ್ಪಲಿಲ್ಲ. ಅದೂ ಬರೀ ಲಾಜಿಸ್ಟಿಕ್ ರಿಗ್ರೆಶನ್ನಿನಲ್ಲಿ, ಅಂದರೆ ಹೌದೋ ಅಲ್ಲವೋ ಅಂತ ಊಹಿಸುವ ಹಳೇ ಸರಳ ಲೆಕ್ಕದಲ್ಲಿ! ಈಗ ಒಪ್ಪಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಡೇಟಾ ಈ ಕ್ಷೇತ್ರದವರೆಲ್ಲ ನೋಡಿರುವುದೇ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ತನ್ನ ದೂರಶಿಕ್ಷಣದ ವಿದ್ಯಾರ್ಥಿಗಳ ಬಗ್ಗೆ ಹೆಸರಿಲ್ಲದೆ ಬಿಡುಗಡೆ ಮಾಡಿದ ಓಯುಲ್ಯಾಡ್ (OULAD). 2013, 2014ರ ಏಳು ಕೋರ್ಸು, 32 ಸಾವಿರ ಚಿಲ್ಲರೆ ವಿದ್ಯಾರ್ಥಿ ದಾಖಲೆ, ಕೋರ್ಸಿನ ವೆಬ್‌ಸೈಟಿನಲ್ಲಿ ಯಾರು ಯಾವ ದಿನ ಎಷ್ಟು ಸಲ ಒತ್ತಿದರು ಅನ್ನುವ ಕೋಟಿ ದಾಟಿದ ಕ್ಲಿಕ್ ಸಾಲು.

ಮೊದಲ ತಿಂಗಳು ಪೂರ್ತಿ ಹಾಳು. ಊಹೆ 93 ಪರ್ಸೆಂಟ್ ಸರಿ ಬಂತು ಅಂತ ಎಲ್ಲರಿಗೂ ತೋರಿಸಿದೆ. ಆಮೇಲೆ ನೋಡಿದರೆ, ಕೋರ್ಸಿನಿಂದ ಹೆಸರು ತೆಗೆಸಿದ ದಿನದ ಕಾಲಂ ಒಳಗೇ ಉಳಿದಿತ್ತು. ಬಿಟ್ಟುಹೋದವರಿಗೆ ಮಾತ್ರ ಅದು ತುಂಬಿರುತ್ತದೆ. ಉತ್ತರವನ್ನೇ ಮಾಡೆಲ್ (ಊಹಿಸುವ ಪ್ರೋಗ್ರಾಂ) ಕೈಗೆ ಕೊಟ್ಟಿದ್ದೆ. ಅದನ್ನು ತೆಗೆದು, ಕ್ಲಿಕ್ಕುಗಳನ್ನು 28ನೇ ದಿನಕ್ಕೆ ನಿಲ್ಲಿಸಿದಾಗ 70ರ ಆಸುಪಾಸಿಗೆ ಬಿತ್ತು.

ಆಗ ದುಡ್ಡು ಸುರಿದೆ. ದಿನದಿಂದ ದಿನಕ್ಕೆ ಆಗುವ ಬದಲಾವಣೆ ಕಲಿಯುವ ಎಲ್‌ಎಸ್‌ಟಿಎಂ ಅನ್ನುವ ಭಾರೀ ಮಾಡೆಲ್ ಓಡಿಸಲು ಜಿಪಿಯು (ಲೆಕ್ಕ ವೇಗವಾಗಿ ಮಾಡುವ ಚಿಪ್) ಬಾಡಿಗೆಗೆ ತೆಗೆದುಕೊಂಡೆ. ಒಂದು ಭಾನುವಾರ ಆಫ್ ಮಾಡುವುದನ್ನೇ ಮರೆತೆ. ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಹೋಯಿತು. ಸಿಕ್ಕಿದ್ದು ಒಂದೋ ಎರಡೋ ಪರ್ಸೆಂಟ್. 2013ರ ಡೇಟಾದಲ್ಲಿ ಮಾಡೆಲ್‌ಗೆ ಕಲಿಸಿ 2014ರದ್ದರ ಮೇಲೆ ಪರೀಕ್ಷಿಸಿದಾಗ ಅದೂ ನಿಲ್ಲಲಿಲ್ಲ. ಸುಮ್ನೆ ಎರಡೂ ವರ್ಷದ ಸಾಲುಗಳನ್ನು ಕಲಸಿ, ಕಲಿಸಲು ಒಂದು, ಪರೀಕ್ಷೆಗೆ ಒಂದು ಅಂತ ಭಾಗ ಮಾಡಿದರೆ ಇದು ಕಾಣುವುದೇ ಇಲ್ಲ.

ಕೈ ಹಿಡಿದದ್ದು ಗಡುವು. ಮೊದಲ ಅಸೈನ್‌ಮೆಂಟ್ ಎಷ್ಟು ದಿನ ಮುಂಚೆ ಬಂತು, ಎಷ್ಟು ತಡವಾಯಿತು, ಬರಲೇ ಇಲ್ವಾ? ಜೊತೆಗೆ ಎಷ್ಟು ಕ್ಲಿಕ್ ಅನ್ನುವುದಲ್ಲ, ಎಷ್ಟು ದಿನ ಬಂದರು ಅನ್ನುವುದು. ಒಂದೇ ದಿನ ಮುನ್ನೂರು ಸಲ ಒತ್ತಿದವರಿಗಿಂತ ವಾರಕ್ಕೆ ನಾಲ್ಕು ದಿನ ಇಣುಕಿದವರು ಗಟ್ಟಿ. ತಡವಾದದ್ದನ್ನು ಆ ಕೋರ್ಸಿನ ಉಳಿದವರ ಜೊತೆ ಹೇಗೆ ತೂಗುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಇಷ್ಟು ಹೇಳುತ್ತೇನೆ: ಹಿಂದಿನ ಸಲದ ಅಂಕ ಹೊತ್ತು ತಂದವರ ಸಾಲುಗಳನ್ನು ಮೊದಲು ತೆಗೆಯಿರಿ. ಇಲ್ಲದಿದ್ದರೆ ಅವರೇ ಎಲ್ಲರಿಗಿಂತ ಮುಂಚೆ ಕೊಟ್ಟ ಹಾಗೆ ಕಾಣುತ್ತದೆ.

ಮಧ್ಯೆ ಕುತೂಹಲಕ್ಕೆ, ಕೋರ್ಸು ಶುರುವಾಗುವ ಮುಂಚಿನ ಕ್ಲಿಕ್ಕುಗಳನ್ನಷ್ಟೇ ಇಟ್ಟು ನೋಡಿದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಹೇಳಿತು. ವಯಸ್ಸು, ಲಿಂಗ ಇದ್ದರೂ ಇಲ್ಲದಿದ್ದರೂ ಅಷ್ಟೇ, ಹಾಗಾಗಿ ತೆಗೆದುಬಿಟ್ಟೆ. ಹುಟ್ಟು ನೋಡಿ ಯಾರ ಹೆಸರಿಗೂ ಕೆಂಪು ಗುರುತು ಬೀಳಬಾರದು ಅಲ್ವಾ?

28ರೊಳಗೇ ಬಿಟ್ಟವರನ್ನು ಎಣಿಸಿಲ್ಲ. ಆಮೇಲೆ ಫೇಲಾದ, ಬಿಟ್ಟುಹೋದವರಲ್ಲಿ ಹತ್ತಕ್ಕೆ ಏಳು ಮಂದಿ ಮೊದಲೇ ಸಿಕ್ಕರು. ಹಳೇ ಲ್ಯಾಪ್‌ಟಾಪಿನಲ್ಲಿ, ಒಂದು ನಿಮಿಷದೊಳಗೆ. ಡೇಟಾದಲ್ಲಿ ಜಿಜಿಜಿ ಅಂತ ಸಂಕೇತ ಕೊಟ್ಟಿರುವ ಕೋರ್ಸಿನಲ್ಲಿ ಮಾತ್ರ ಇನ್ನೂ ಸೋಲುತ್ತಿದ್ದೇನೆ. ಅಲ್ಲಿ ಮೊದಲ ಅಸೈನ್‌ಮೆಂಟಿನ ಗಡುವೇ ಎರಡು ತಿಂಗಳಾದ ಮೇಲೆ. ಅದಕ್ಕೆ ಈಗ ಕ್ವಿಜ್ ಕ್ಲಿಕ್ಕುಗಳನ್ನು ಬೇರೆಯಾಗಿ ಎಣಿಸುತ್ತಿದ್ದೇನೆ.