ಪಿಸಿ ಅಸೆಂಬಲ್ ಮಾಡೋಕೆ ಮುಂಚೆ ಮನೆ ಅರ್ಥಿಂಗ್ ನೋಡ್ಕೊಳ್ಳಿ (ನನ್ನ ಅನುಭವ)

ಎರಡು ವರ್ಷದ ಹಿಂದೆ ಫೆಬ್ರವರೀಲಿ ಬೆಂಗಳೂರಿನ ಎಸ್.ಪಿ. ರೋಡಿಂದ ಪಾರ್ಟ್ಸ್ ಎಲ್ಲಾ ತಂದು ದಾವಣಗೆರೇಲಿ ನಮ್ಮನೆ ರೂಮಲ್ಲೇ ಕೂತು ಮೊದಲ ಸಲ ಪಿಸಿ ಕಟ್ಟಿದೆ. ಆ ಟೈಮಲ್ಲಿ ನಮ್ಮ ಕಡೆ ಗಾಳಿ ಎಷ್ಟು ಒಣಗಿರುತ್ತೆ ಅಂದ್ರೆ ತುಟಿ ಒಡೆಯುತ್ತೆ, ತಲೆ ಬಾಚಿದ್ರೆ ಕೂದಲು ಬಾಚಣಿಗೆ ಹಿಂದೇನೇ ಎದ್ದು ಬರುತ್ತೆ. ನಾನು ಪಾಲಿಸ್ಟರ್ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಪ್ಲಾಸ್ಟಿಕ್ ಚೇರಲ್ಲಿ ಕೂತಿದ್ದೆ, ರ‍್ಯಾಮ್ ಸ್ಟಿಕ್ ಕೈಯಲ್ಲಿ ಹಿಡ್ಕೊಂಡೇ ಎದ್ದೆ, ಅದರ ಗೋಲ್ಡ್ ಕಾಂಟ್ಯಾಕ್ಟ್ ಕ್ಯಾಬಿನೆಟ್ ಅಂಚಿಗೆ ತಾಗ್ತಿದ್ದ ಹಾಗೆ ಚಟ್ ಅಂತ ಸಣ್ಣ ಸೌಂಡು. ಪಿಸಿ ಆನ್ ಆಯ್ತು, ಖುಷಿಯಾಗಿ ಮರೆತೇಬಿಟ್ಟೆ.

ಮೂರು ವಾರ ಆದ್ಮೇಲೆ ಬ್ಲೂ ಸ್ಕ್ರೀನ್ ಶುರು. ಒಂದೊಂದೇ ಸ್ಟಿಕ್ ಹಾಕಿ ರಾತ್ರಿಯೆಲ್ಲಾ ಮೆಮ್‌ಟೆಸ್ಟ್ (ರ‍್ಯಾಮ್ ಸರಿ ಇದೆಯಾ ಅಂತ ನೋಡೋ ಸಾಫ್ಟ್‌ವೇರ್) ಓಡಿಸಿದ್ರೆ ಒಂದು ಕ್ಲೀನು, ಇನ್ನೊಂದ್ರಲ್ಲಿ ಬರೀ ಕೆಂಪು ಲೈನು, ಅಂದ್ರೆ ಎರರ್. ಆ ಚಟ್ ಅಂದಿದ್ದೇ ಕಾರಣ ಅಂತ ನಾನು ಎದೆ ತಟ್ಟಿ ಹೇಳಕ್ಕಾಗಲ್ಲ, ಫ್ಯಾಕ್ಟರಿಯಿಂದಾನೇ ಡಿಫೆಕ್ಟ್ ಇದ್ದಿರಬಹುದು. ಆದ್ರೆ ಸ್ಟ್ಯಾಟಿಕ್ (ಒಣ ಹವೇಲಿ ಬಟ್ಟೆ, ಪ್ಲಾಸ್ಟಿಕ್ ಉಜ್ಜಿ ಮೈಮೇಲೆ ಸೇರೋ ಚಾರ್ಜ್) ಏಟು ಹೀಗೂ ಬೀಳುತ್ತೆ, ಚಿಪ್ ಅವತ್ತೇ ಸಾಯಬೇಕಂತಿಲ್ಲ, ಒಳಗೆ ಅರ್ಧಂಬರ್ಧ ಸುಟ್ಟು ಆಮೇಲೆ ಕೈ ಕೊಡುತ್ತೆ. ನಮ್ಮ ಬೆರಳಿಗೆ ಚುರುಕ್ ಅಂತ ಗೊತ್ತಾಗ್ಬೇಕಂದ್ರೆನೇ ಸುಮಾರು 3000 ವೋಲ್ಟ್ ಬೇಕು, ಕೆಲವು ಚಿಪ್‌ಗಳಿಗೆ 100 ವೋಲ್ಟಿಗಿಂತ ಕಮ್ಮಿ ಇದ್ರೂ ಸಾಕು. ಅಂದ್ರೆ ನಮಗೆ ಗೊತ್ತೇ ಆಗದೆ ಹಾಳಾಗೋದೇ ಜಾಸ್ತಿ.

ಸರಿ ಅಂತ ರಿಸ್ಟ್ ಸ್ಟ್ರಾಪ್ (ಮೈಮೇಲಿನ ಚಾರ್ಜ್ ಹರಿದು ಹೋಗ್ಲಿ ಅಂತ ಕೈಗೆ ಕಟ್ಟೋ, ವೈರ್ ಇರೋ ಪಟ್ಟಿ) ತರಿಸಿದೆ. ಕೈಗೆ ಕಟ್ಟಿ, ಕ್ಲಿಪ್ಪನ್ನ ಕ್ಯಾಬಿನೆಟ್‌ಗೆ ಹಾಕಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಪ್ಲಗ್ ಗೋಡೆಗೆ ಚುಚ್ಚಿ ಸ್ವಿಚ್ ಆಫ್ ಇಟ್ಕೊಂಡು ಕೆಲಸ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಹಾಗೆ ಮಾಡಿದ್ರೆ ಅರ್ಥ್ ಸಿಗುತ್ತೆ ಅಂತ. ಆದ್ರೆ ನಮ್ಮನೇಲಿ ಪಿಸಿ ಆನ್ ಇದ್ದಾಗ ಕ್ಯಾಬಿನೆಟ್ ಮುಟ್ಟಿದ್ರೆ ಮೊದಲಿಂದಾನೂ ಜುಮ್ ಅಂತಿತ್ತು, ಟೆಸ್ಟರ್ ಇಟ್ರೆ ಸಣ್ಣಗೆ ಲೈಟ್ ಹತ್ತೋದು. ಅನುಮಾನ ಬಂದು ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನ್ನ ಕರೆಸಿದೆ. ಬೋರ್ಡ್ ಬಿಚ್ಚಿ ನೋಡಿ "ನೋಡಪ್ಪ, ಮೂರು ಪಿನ್ ಸಾಕೆಟ್ ಇದೆ ಅಷ್ಟೇ, ಒಳಗೆ ಅರ್ಥ್ ವೈರೇ ಎಳ್ದಿಲ್ಲ" ಅಂದ್ರು. ಮೇಲಿನ ದಪ್ಪ ತೂತು ಬರೀ ಶೋಗೆ! ಎಸ್‌ಎಂಪಿಎಸ್ ಒಳಗೆ ನಾಯ್ಸ್ ಫಿಲ್ಟರ್‌ಗೆ ಅಂತ ಲೈನಿಂದ ಮೆಟಲ್ ಬಾಡಿಗೆ, ನ್ಯೂಟ್ರಲ್‌ನಿಂದ ಮೆಟಲ್ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತೆ, ಅರ್ಥ್ ಇಲ್ಲದಿದ್ರೆ ಬಾಡಿ ಅವೆರಡರ ಮಧ್ಯೆ ನೇತಾಡ್ತಾ 230ರ ಅರ್ಧ, ಅಂದ್ರೆ ಸುಮಾರು 115 ವೋಲ್ಟ್ ತೋರಿಸುತ್ತೆ. ಕರೆಂಟ್ ತುಂಬಾ ಕಮ್ಮಿ, ಅದಕ್ಕೇ ಜುಮ್ ಅನ್ನೋದು. ಇಂಥ ಮನೇಲಿ ಪ್ಲಗ್ ಹಾಕಿ ಅರ್ಥ್ ಇದೆ ಅಂತ ನಂಬ್ಕೊಂಡು ಕೂರೋದು ದೊಡ್ಡ ತಪ್ಪು.

ಆ ಅಣ್ಣ ಹಿತ್ತಲಲ್ಲಿ ಗುಂಡಿ ತೆಗೆಸಿ ಜಿಐ ಪೈಪ್ ನಿಲ್ಲಿಸಿ ಇದ್ದಿಲು ಉಪ್ಪು ತುಂಬಿ ಹೊಸದಾಗಿ ಅರ್ಥ್ ಮಾಡಿಕೊಟ್ರು. ಬೇಸಿಗೇಲಿ ಆಗಾಗ ಅದಕ್ಕೆ ನೀರು ಹಾಕ್ಬೇಕು, ಅಮ್ಮ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಕೊಡ ಸುರೀತಾರೆ. ಈಗ ಲೈನ್-ಅರ್ಥ್ ಮಧ್ಯೆ ಸುಮಾರು 230, ನ್ಯೂಟ್ರಲ್-ಅರ್ಥ್ ಮಧ್ಯೆ 2 ವೋಲ್ಟ್ ತೋರಿಸುತ್ತೆ, ಅಂದ್ರೆ ಅರ್ಥ್ ಸಿಕ್ತಿದೆ. ಈ ಚೆಕಿಂಗ್ ಅಭ್ಯಾಸ ಇಲ್ದೋರು ಸಾಕೆಟ್‌ಗೆ ಕೈ ಹಾಕ್ಬೇಡಿ, ಎಲೆಕ್ಟ್ರಿಷಿಯನ್ ಹತ್ರನೇ ಮಾಡಿಸಿ.

ಬಾಡಿಗೆ ಮನೆ, ಗುಂಡಿ ತೋಡಕ್ಕಾಗಲ್ಲ ಅನ್ನೋರು ಚಿಂತೆ ಮಾಡ್ಬೇಡಿ. ಪ್ಲಗ್ ಪೂರ್ತಿ ಕಿತ್ತುಹಾಕಿ, ಪವರ್ ಬಟನ್ ಒಂದ್ಸಲ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ, ಸ್ಟ್ರಾಪ್ ಕ್ಲಿಪ್ಪನ್ನ ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಮೆಟಲ್‌ಗೆ ಹಾಕಿ. ಪೇಂಟ್ ಮೇಲೆ ಹಾಕಿದ್ರೆ ಏನೂ ಪ್ರಯೋಜನ ಇಲ್ಲ, ನಾನು ಎಸ್‌ಎಂಪಿಎಸ್ ಕೂರೋ ಕಡೆ ಸ್ಕ್ರೂ ತೂತಿನ ಅಂಚಿಗೆ ಹಾಕ್ತೀನಿ. ನೀವು, ಕ್ಯಾಬಿನೆಟ್, ಮದರ್‌ಬೋರ್ಡ್ ಮೂರೂ ಒಂದೇ ವೋಲ್ಟೇಜ್ ಲೆವೆಲ್ಲಲ್ಲಿ ಇದ್ರೆ ಕಿಡಿ ಹಾರಕ್ಕೆ ಕಾರಣನೇ ಇರಲ್ಲ, ಮುಖ್ಯವಾಗಿ ಬೇಕಾಗಿರೋದು ಅದೇ.

ಸ್ಟ್ರಾಪ್ ತಗೊಂಡ್ಮೇಲೆ ಮಲ್ಟಿಮೀಟರ್ ಒಂದು ಕಡ್ಡೀನ ಕೈಗೆ ತಾಗೋ ಪ್ಲೇಟ್‌ಗೆ, ಇನ್ನೊಂದನ್ನ ಕ್ಲಿಪ್‌ಗೆ ಇಟ್ಟು ನೋಡಿ, ಸುಮಾರು 1 ಮೆಗಾಓಮ್ ಬರ್ಬೇಕು. ಅಪ್ಪಿತಪ್ಪಿ ಕರೆಂಟ್ ತಾಗಿದ್ರೂ 230 ವೋಲ್ಟಿಗೆ ಕಾಲು ಮಿಲಿಆಂಪ್ ಕೂಡ ಕೈಗೆ ಹರೀದೆ ಇರ್ಲಿ ಅಂತಾನೇ ಸ್ಟ್ರಾಪ್ ಒಳಗೆ ಆ ರೆಸಿಸ್ಟರ್ (ಕರೆಂಟ್ ತಡೆಯೋ ಪಾರ್ಟ್) ಇಟ್ಟಿರೋದು. ಹಾಗಂತ ಕರೆಂಟ್ ಇರೋ ಪಿಸಿಗೆ ಕೈ ಹಾಕ್ಬೇಡಿ. ವೈರ್ ಇಲ್ಲದ ಸ್ಟ್ರಾಪ್ ಮಾರ್ತಾರಲ್ಲ, ಅದು ದುಡ್ಡು ದಂಡ, ಚಾರ್ಜ್ ಹರಿದು ಹೋಗಕ್ಕೆ ದಾರಿನೇ ಇಲ್ಲ.

ಇನ್ನೊಂದು, ಮದರ್‌ಬೋರ್ಡನ್ನ ಅದು ಬಂದ ಬೆಳ್ಳಿ ಬಣ್ಣದ ಕವರ್ ಮೇಲೆ ಇಟ್ಟು ಆನ್ ಮಾಡಿ ಟೆಸ್ಟ್ ಮಾಡ್ತಾರೆ ಕೆಲವರು, ದಯವಿಟ್ಟು ಬೇಡ, ಆ ಕವರಲ್ಲೇ ಮೆಟಲ್ ಪದರ ಇರುತ್ತೆ, ಶಾರ್ಟ್ ಆಗ್ಬಹುದು. ರಟ್ಟಿನ ಡಬ್ಬಿ ಮೇಲೆ ಇಡಿ. ಥರ್ಮಾಕೋಲು, ಬಬಲ್ ರ‍್ಯಾಪು ಪಕ್ಕದ ರೂಮಿಗೆ ಹೋಗ್ಲಿ. ಥರ್ಮಾಕೋಲ್ ಕಾಳು ಕೈಗೆ ಅಂಟ್ಕೊಂಡು ಕೊಡವಿದ್ರೂ ಬಿಡಲ್ಲ ನೋಡಿ, ಅದೇ ಸ್ಟ್ಯಾಟಿಕ್ಕು.

ಹೋದ ತಿಂಗಳು ತಂಗಿಗೆ ಒಂದು ಪಿಸಿ ಕಟ್ಟಿಕೊಟ್ಟೆ. ಕಾಟನ್ ಪಂಚೆ ಉಟ್ಕೊಂಡು, ಬರಿಗಾಲಲ್ಲಿ ನೆಲದ ಮೇಲೇ ಕೂತು, ಪ್ರತಿ ಕವರ್ ಬಿಚ್ಚೋ ಮುಂಚೆ ಕ್ಯಾಬಿನೆಟ್ ಮುಟ್ಟಿ, ರ‍್ಯಾಮನ್ನ ಎರಡೂ ತುದಿ ಹಿಡಿದು ಕೂರಿಸಿದೆ. ರಾತ್ರಿ ಮೆಮ್‌ಟೆಸ್ಟಿಗೆ ಹಾಕಿ ಮಲಗಿದ್ದೆ, ಬೆಳಗ್ಗೆ ತಂಗಿನೇ ಬಂದು "ಅಣ್ಣಾ, ಒಂದೂ ಕೆಂಪು ಲೈನಿಲ್ಲ" ಅಂತ ಎಬ್ಬಿಸಿದ್ಲು.