ಮನೆ ವರ್ಕ್‌ಶಾಪಿಗೆ ನಾನೇ ಮಾಡಿಕೊಂಡ ಟಚ್ ಪ್ರೋಬ್

ಕಂಪ್ಯೂಟರ್ ನಡೆಸುವ ಕೆತ್ತುವ ಮೆಶೀನಿನಲ್ಲಿ, ಕೆತ್ತಬೇಕಾದ ತುಂಡು ಎಲ್ಲಿದೆ ಅಂತ ಒಂದು ಕಡ್ಡಿಯಿಂದ ಮುಟ್ಟಿ ತಿಳಿಸುವ ಸಾಧನವೇ ಟಚ್ ಪ್ರೋಬ್. ಅದರ ಹೆಸರೆತ್ತಿದ ಕೂಡಲೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ ಶುರುವಾಗುತ್ತದೆ. ಮನೆಯ ಲೇತಿನಲ್ಲಿ ಅಷ್ಟು ನಿಖರವಾಗಿ ಭಾಗಗಳನ್ನು ಮಾಡೋಕಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಆಗಬೇಕಾಗಿಯೂ ಇಲ್ಲ. ಕಡ್ಡಿಯನ್ನು ಯಾವ ಕಡೆಗೆ ತಳ್ಳಿ ಬಿಟ್ಟರೂ ಅದು ಮೊದಲಿದ್ದ ಜಾಗಕ್ಕೇ ಬಂದು ಕೂರಬೇಕು, ಅಷ್ಟೇ. ಆ ಜಾಗ ನಟ್ಟನಡುವೆ ಇಲ್ಲದಿದ್ದರೂ ಚಿಂತೆಯಿಲ್ಲ. ಎಷ್ಟು ಆಚೀಚೆ ಇದೆ ಅಂತ ಒಮ್ಮೆ ಅಳೆದುಕೊಂಡು ಲೆಕ್ಕದಲ್ಲಿ ಕಳೆದರಾಯಿತು.

ಈ ಉಪಾಯ ಹಳೆಯದು. 1972ರಲ್ಲಿ ರೋಲ್ಸ್‌ರಾಯ್ಸ್‌ನಲ್ಲಿದ್ದ ಡೇವಿಡ್ ಮೆಕ್‌ಮರ್ಟ್ರಿ, ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಪೈಪುಗಳನ್ನು ಅಳೆಯಲು ಇಂಥ ಪ್ರೋಬ್ ಮಾಡಿದರು. ಮರುವರ್ಷ ಅದರಿಂದಲೇ ಅಳತೆಯ ಉಪಕರಣ ಮಾಡುವ ರೆನಿಶಾ ಕಂಪನಿ ಹುಟ್ಟಿತು. ಒಳಗಿನ ವಿದ್ಯೆ ಸರಳ. ಕಡ್ಡಿಯ ತಲೆಯಿಂದ ಮೂರು ತೋಳುಗಳು ಹೊರಡುತ್ತವೆ, 120 ಡಿಗ್ರಿಗೊಂದು. ಪ್ರತಿ ತೋಳೂ ಎರಡು ಉಕ್ಕಿನ ಗುಂಡುಗಳ ಸಂದಿಯಲ್ಲಿ ಕೂರುತ್ತದೆ. ಮೇಲಿಂದ ಸ್ಪ್ರಿಂಗ್ ಒತ್ತುತ್ತದೆ. ಮೂರು ಕಲ್ಲಿನ ಒಲೆ ಮೇಲೆ ಪಾತ್ರೆ ಅಲ್ಲಾಡದೆ ಕೂರುತ್ತದಲ್ಲ, ಹಾಗೆ. ಆದರೆ ಇಲ್ಲಿ ಒಟ್ಟು ಆರು ಕಡೆ ತಾಗುವುದರಿಂದ ಪಕ್ಕಕ್ಕೆ ಜಾರೋಕೂ ಆಗಲ್ಲ, ತಿರುಗೋಕೂ ಆಗಲ್ಲ.

ಈ ಆರು ಜಾಗಗಳೇ ಸ್ವಿಚ್ ಕೂಡ. ಒಂದು ಗುಂಡಿನಿಂದ ತೋಳಿಗೆ, ತೋಳಿನಿಂದ ಜೋಡಿ ಗುಂಡಿಗೆ, ಅಲ್ಲಿಂದ ವೈರಿನಲ್ಲಿ ಮುಂದಿನ ಜೋಡಿಗೆ ಕರೆಂಟ್ ಹರಿಯುತ್ತದೆ. ಕಡ್ಡಿ ಜಾಬಿಗೆ (ಕೆತ್ತುವ ತುಂಡಿಗೆ) ತಾಗಿ ಒಂದು ತೋಳು ಕೂದಲೆಳೆಯಷ್ಟು ಎದ್ದರೂ ಸರಣಿ ಕಡಿಯುತ್ತದೆ. ಅದಕ್ಕೇ ತೋಳುಗಳನ್ನು ಹಿಡಿಯುವ ನಡುವಿನ ಹಬ್ ಕರೆಂಟ್ ಹರಿಯದ ಗಟ್ಟಿ ಪ್ಲಾಸ್ಟಿಕ್ಕಾದ ಡೆಲ್ರಿನ್‌ನದ್ದೇ ಆಗಬೇಕು. ಅಂದವಾಗಿರಲಿ ಅಂತ ಅಲ್ಯುಮಿನಿಯಂ ಹಾಕಿದರೆ ಮೂರು ತೋಳುಗಳೂ ಒಳಗೊಳಗೇ ಶಾರ್ಟ್ ಆಗುತ್ತವೆ. ಆಗ ಸರಣಿಯಲ್ಲಿ ನಡುವೆ ಬರುವ ತೋಳು ಎದ್ದರೂ ಕರೆಂಟ್ ಉಳಿದೆರಡು ತೋಳುಗಳ ದಾರಿ ಹಿಡಿಯುತ್ತದೆ, ಮೆಶೀನಿಗೆ ಸುದ್ದಿಯೇ ಹೋಗಲ್ಲ.

ತೋಳಿಗೆ 3 ಮಿ.ಮೀ. ಡೋವೆಲ್ ಪಿನ್ (ನಯವಾದ ಉಕ್ಕಿನ ಕಡ್ಡಿ) ಬಳಸಿದೆ. ಗುಂಡುಗಳು ಸೈಕಲ್ ಅಂಗಡಿಯವು, ಮುಂದಿನ ಚಕ್ರದ ಹಬ್ಬಿಗೆ ಹಾಕುವ 3/16 ಇಂಚಿನವು. ಗಡಸು ಉಕ್ಕಿಗೆ ಬೆಸುಗೆ ಸರಿಯಾಗಿ ಹಿಡಿಯಲ್ಲ. ಹಾಗಾಗಿ ಡೆಲ್ರಿನ್ ತಟ್ಟೆಯಲ್ಲಿ ಗುಂಡು ಕೂರಿಸಿ, ಸುತ್ತ ಅರಾಲ್ಡೈಟ್ ಹಚ್ಚಿ, ಕೆಳಗಿಂದ ಎಂ2 ಹಿತ್ತಾಳೆ ಸ್ಕ್ರೂ ಗುಂಡಿಗೆ ತಾಗುವಂತೆ ಬಿಗಿದೆ. ವೈರು ಆ ಸ್ಕ್ರೂವಿಗೆ. ತ್ರೀಡಿ ಪ್ರಿಂಟರ್ ಇರುವವರು ತಟ್ಟೆಯನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮಾಡಲು ಹೋಗುತ್ತಾರೆ. ಬೇಡ. ಸ್ಪ್ರಿಂಗ್ ಒತ್ತಡ ಸದಾ ಇರುತ್ತದೆ, ಬೇಸಿಗೆಯ ಶೆಡ್ಡಿನಲ್ಲಿ ಅದು ನಿಧಾನಕ್ಕೆ ಬಗ್ಗುತ್ತದೆ. ಕಡ್ಡಿಯನ್ನು ಮಾತ್ರ ಕೊಂಡೆ: ಎಂ2 ಥ್ರೆಡ್ಡು, ತುದಿಯಲ್ಲಿ 2 ಮಿ.ಮೀ. ರೂಬಿ ಗುಂಡು. ಅದನ್ನು ಮನೆಯಲ್ಲಿ ಮಾಡುವ ಹಟ ವ್ಯರ್ಥ.

ನನ್ನ ಮೆಶೀನನ್ನು ನಡೆಸುವುದು ಜಿಆರ್‌ಬಿಎಲ್ ಅನ್ನೋ ಸಾಫ್ಟ್‌ವೇರ್. ಇದು ಸದಾ ಮುಚ್ಚಿರುವ ಸ್ವಿಚ್ ಆದ್ದರಿಂದ ಪ್ರೋಬ್ ಸಿಗ್ನಲನ್ನು ಉಲ್ಟಾ ಓದಿಸುವ ಸೆಟ್ಟಿಂಗ್ $6=1 ಹಾಕಬೇಕು. ಕಂಟ್ರೋಲ್ ಬೋರ್ಡಿನ ಚಿಪ್ಪಿನ ಒಳಗಿನ ಪುಲ್‌ಅಪ್ (ಸಿಗ್ನಲ್ ವೈರನ್ನು ಪ್ಲಸ್ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ತೀರಾ ದುರ್ಬಲ, ಮೋಟರ್ ವೈರಿನ ಗಲಾಟೆ ಪ್ರೋಬಿಗೆ ನುಗ್ಗುತ್ತದೆ. ಹೊರಗಿಂದ 1 ಕಿಲೋಓಮ್ ಪುಲ್‌ಅಪ್, ಬೋರ್ಡಿನ ಬಳಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಶೀಲ್ಡ್ ಕೇಬಲ್ ಹಾಕಿದ ಮೇಲೆ ಸುಮ್ನಾಯಿತು. ಕೆಪಾಸಿಟರ್ ಹಾಕಿದರೆ ಸಿಗ್ನಲ್ ತಡ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಸುಮಾರು 0.1 ಮಿಲಿಸೆಕೆಂಡು. ನಿಮಿಷಕ್ಕೆ 60 ಮಿ.ಮೀ. ವೇಗದಲ್ಲಿ ಅದು 0.1 ಮೈಕ್ರಾನ್. ನನ್ನ 5 ಮಿ.ಮೀ. ಪಿಚ್ಚಿನ ಬಾಲ್‌ಸ್ಕ್ರೂವಿನಲ್ಲಿ, ಮೋಟರಿನ ಒಂದು ಹೆಜ್ಜೆಯನ್ನು ಎಂಟು ಮೈಕ್ರೋಸ್ಟೆಪ್ ಮಾಡಿಟ್ಟಾಗ, ಒಂದು ಸ್ಟೆಪ್ಪೇ 3 ಮೈಕ್ರಾನ್ ದಾಟುತ್ತದೆ. ತಲೆ ಕೆಡಿಸಿಕೊಳ್ಳುವ ವಿಷಯವಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ. ಕಡ್ಡಿಯನ್ನು ಒಂದು ದಿಕ್ಕಿಗೆ ತಳ್ಳಿದರೆ ಅದು ಒಂದೇ ತೋಳಿನ ಮೇಲೆ ವಾಲುತ್ತದೆ, ಇನ್ನೊಂದು ದಿಕ್ಕಿಗೆ ತಳ್ಳಿದರೆ ಎರಡು ತೋಳುಗಳ ಮೇಲೆ. ಎರಡನೆಯದರಲ್ಲಿ ವಾಲುವ ಗೆರೆ ನಡುವಿನಿಂದ ಅರ್ಧ ದೂರದಲ್ಲಷ್ಟೇ ಇರುತ್ತದೆ. ಹಾಗಾಗಿ ಮೊದಲನೆಯದಕ್ಕೆ ಸುಮಾರು ಎರಡರಷ್ಟು ಬಲ ಬೇಕು. ಬಲ ಜಾಸ್ತಿಯಾದರೆ ಸರಣಿ ಕಡಿಯುವ ಮೊದಲೇ ಕಡ್ಡಿ ಜಾಸ್ತಿ ಬಾಗುತ್ತದೆ. ಕಡ್ಡಿ ಗಿಡ್ಡವಿರಲಿ, ಸ್ಪ್ರಿಂಗ್ ಮೆತ್ತಗಿರಲಿ ಅನ್ನೋದು ಇದಕ್ಕೇ. ತೀರಾ ಮೆತ್ತಗಾದರೆ ಮೆಶೀನ್ ಅದುರಿದಾಗಲೇ ತಾಗಿತು ಅಂದುಬಿಡುತ್ತದೆ. ಸ್ಪ್ರಿಂಗನ್ನು ಒತ್ತುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ತಿರುಗಿಸುತ್ತಾ ನಡುವಿನದ್ದನ್ನು ಹುಡುಕಿಕೊಳ್ಳಬೇಕು.

ಉಳಿದ ವ್ಯತ್ಯಾಸವನ್ನು ಕಳೆಯಲು ರಿಂಗ್ ಗೇಜ್, ಅಂದರೆ ತೂತಿನ ಅಳತೆ ಖಚಿತವಾಗಿ ಗೊತ್ತಿರುವ ಉಂಗುರ ಬೇಕು. ನನ್ನ ರಿಂಗ್ ಗೇಜ್ ಒಂದು ಹೊಸ 6202 ಬೇರಿಂಗ್. ಅದರ ಒಳಗಿನ ತೂತು 15 ಮಿ.ಮೀ., ಮಾಮೂಲಿ ಗ್ರೇಡಿನಲ್ಲೂ ಅದು ಹೆಚ್ಚೆಂದರೆ 8 ಮೈಕ್ರಾನ್ ಚಿಕ್ಕದಿರಬಹುದು, ದೊಡ್ಡದಂತೂ ಇರೋ ಹಾಗೇ ಇಲ್ಲ. ಈ ಬೆಲೆಗೆ ಇಷ್ಟು ನಿಖರವಾದ ತೂತು ಬೇರೆಲ್ಲೂ ಸಿಗಲ್ಲ. ಬೇರಿಂಗನ್ನು ಟೇಬಲ್ಲಿಗೆ ಕ್ಲಾಂಪ್ ಮಾಡಿ, ಸ್ಪಿಂಡಲ್‌ಗೆ (ಕಟರ್ ತಿರುಗಿಸುವ ಅಕ್ಷಕ್ಕೆ) ಲಿವರ್ ಡಯಲ್ (ಸಣ್ಣ ಏರುಪೇರನ್ನು ಮುಳ್ಳಿನಲ್ಲಿ ತೋರಿಸುವ ಸಾಧನ) ಕಟ್ಟಿ, ಕೈಯಲ್ಲಿ ತಿರುಗಿಸುತ್ತಾ ತೂತಿನ ಮಧ್ಯ ಹಿಡಿದು ಸೊನ್ನೆ ಹಾಕುತ್ತೇನೆ. ಆಮೇಲೆ ಡಯಲ್ ತೆಗೆದು ಪ್ರೋಬ್ ಹಾಕಿ, ಸೊನ್ನೆಯಿಂದ ನಾಲ್ಕೂ ದಿಕ್ಕಿಗೆ ಜಿ38.2 (ತಾಗುವವರೆಗೆ ಸರಿದು ನಿಲ್ಲುವ ಆಜ್ಞೆ) ಓಡಿಸುತ್ತೇನೆ. ಮೊದಲು ಬೇಗ ತಾಗಿಸಿ, ಸ್ವಲ್ಪ ಹಿಂದೆ ಸರಿದು, ಮತ್ತೆ ನಿಧಾನವಾಗಿ. ಎಕ್ಸ್ ಪ್ಲಸ್ ಕಡೆ 6.52ಕ್ಕೆ ತಾಗಿದರೆ, 7.50ರಿಂದ ಅದನ್ನು ಕಳೆದು 0.98 ಬರುತ್ತದೆ. ಆ ದಿಕ್ಕಿಗೆ ಅದೇ ಗುಂಡಿನ ತ್ರಿಜ್ಯ. ಒಂದೊಂದು ದಿಕ್ಕಿಗೂ ಒಂದೊಂದು ಸಂಖ್ಯೆ ಬರುತ್ತದೆ. ಕಡ್ಡಿ ಬಾಗುವುದು, ಗುಂಡು ಮಧ್ಯ ತಪ್ಪಿರುವುದು ಎಲ್ಲ ಅದರೊಳಗೇ ಸೇರಿಹೋಗುತ್ತದೆ. ಪ್ರೋಬ್ ಮಾತ್ರ ಪ್ರತಿ ಸಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕು. ಪ್ರೋಬಿನ ಮೇಲೂ ಸ್ಪಿಂಡಲ್ ಮೇಲೂ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ.

ಮಳೆಗಾಲದಲ್ಲಿ ಗುಂಡುಗಳ ಮೇಲೆ ತೇವ, ಜಿಡ್ಡಿನ ಪದರ ಬರುತ್ತದೆ. ಮಲ್ಟಿಮೀಟರ್ ಹಿಡಿದರೆ ಓಮ್ ಕುಣಿಯತೊಡಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಸಾಕು. ಎಮರಿ ಪೇಪರ್ ಮುಟ್ಟಿಸಬೇಡಿ.

ಪ್ರೋಬ್ ಹಾಕಿರುವಾಗ ಅಪ್ಪಿತಪ್ಪಿ ಸ್ಪಿಂಡಲ್ ತಿರುಗಿದರೆ ಕೇಬಲ್ ಸುತ್ತಿಕೊಂಡು ಎಲ್ಲ ಪುಡಿ. ಅದಕ್ಕೆ ಜಿಎಕ್ಸ್16 ಅನ್ನೋ ಹಲವು ಪಿನ್ನಿನ ಸಾಕೆಟ್ ಹಾಕಿ, ಸ್ಪಿಂಡಲ್ ಚಾಲೂ ಮಾಡುವ ಸಿಗ್ನಲನ್ನು ಅದೇ ಸಾಕೆಟ್ಟಿನ ಇನ್ನೆರಡು ಪಿನ್ನುಗಳ ಮೂಲಕ ಕಳಿಸಿದ್ದೇನೆ. ಆ ಎರಡು ಪಿನ್ನುಗಳನ್ನು ಜೋಡಿಸುವ ತುಂಡು ವೈರು ಒಂದು ಖಾಲಿ ಪ್ಲಗ್ಗಿನಲ್ಲಿದೆ. ಪ್ರೋಬ್ ಚುಚ್ಚಬೇಕಾದರೆ ಆ ಪ್ಲಗ್ ಕೀಳಲೇಬೇಕು, ಕಿತ್ತರೆ ಸ್ಪಿಂಡಲ್ ಚಾಲೂ ಆಗಲ್ಲ.