ಗಾಳಿಯಿಂದ ತಣಿಯುವ ಹಳೆಯ ಕಾರ್ ಎಂಜಿನ್: ಒಳಭಾಗಗಳನ್ನು ಅರಿಯುವುದು ಹೇಗೆ?

ರೇಡಿಯೇಟರ್ ಇಲ್ಲದ ಹಳೆಯ ಕಾರುಗಳ ಎಂಜಿನ್ ಬಿಚ್ಚಲು ಕುಳಿತವರ ಕಣ್ಣು ಮೊದಲು ಹೋಗುವುದು ಪಿಸ್ಟನ್ ಮತ್ತು ಅದರ ಓಡಾಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್ ಕಡೆಗೆ. ಅದಕ್ಕಿಂತ ಗಾಳಿಯ ಬೆನ್ನುಹತ್ತಿ ಹೊರಗಿನಿಂದ ಒಳಕ್ಕೆ ಸಾಗುವುದು ಒಳ್ಳೆಯದು. ಏಕೆಂದರೆ ಇಂಥ ಎಂಜಿನ್‌ನ ಬಹುಪಾಲು ಭಾಗಗಳಿಗೆ ಈಗಿನ ರೂಪ ಬಂದಿರುವುದೇ ಬಿಸಿಯನ್ನು ಹೊರಗೆ ಸಾಗಿಸಬೇಕಾದ ಅಗತ್ಯದಿಂದ. ಸಿಟ್ರೊಯೆನ್ 2ಸಿವಿಯ ಎರಡು ಸಿಲಿಂಡರ್‌ಗಳಿಗೂ 1998ರವರೆಗಿನ ಪೋರ್ಷೆ 911ರ ಆರು ಸಿಲಿಂಡರ್‌ಗಳಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಉದಾಹರಣೆಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಸಿಸಿ ಎಂಜಿನ್ನನ್ನು ಆರಿಸಿಕೊಂಡಿದ್ದೇನೆ. 2003ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಎರಡು ಕೋಟಿಗೂ ಹೆಚ್ಚು ಬೀಟಲ್‌ಗಳು ಹೊರಬಂದಿದ್ದವು.

ಮೊದಲು ಫ್ಯಾನ್ ನೋಡಿ. ಅದು ಡೈನಮೋದ ಶಾಫ್ಟ್ ಮೇಲೆಯೇ ಕುಳಿತಿರುತ್ತದೆ, ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಹೀಗಾಗಿ ಓಡುವಾಗ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತಿಕೊಂಡರೆ ಬ್ಯಾಟರಿಯ ಚಿಂತೆಗಿಂತ ಮೊದಲು ಬೆಲ್ಟ್ ಹರಿದಿರಬಹುದೆಂದು ಬಗೆದು ಎಂಜಿನ್ ನಿಲ್ಲಿಸಬೇಕು. ಫ್ಯಾನ್ ದೂಡಿದ ಗಾಳಿ ತಗಡಿನ ಕವಚದೊಳಗೆ ಎರಡು ಪಾಲಾಗಿ, ಎರಡೂ ಬದಿಯಲ್ಲಿ ಅಡ್ಡಲಾಗಿ ಮಲಗಿದ ಸಿಲಿಂಡರ್‌ಗಳ ಮೇಲಿಂದ ಕೆಳಕ್ಕೆ ಹರಿಯುತ್ತದೆ.

ಕವಚ ತೆಗೆದ ಬಳಿಕ ಸಿಲಿಂಡರ್‌ಗಳ ಅಡಿಯಲ್ಲಿ, ಜೋಡಿ ಸಿಲಿಂಡರ್‌ಗಳ ನಡುವೆ ಸಿಕ್ಕಿಸಿದ ಅಂಗೈಯಗಲದ ಬಾಗಿದ ತಗಡು ಇದೆಯೇ ಎಂದು ಹುಡುಕಿ. ಹಿಂದೆ ರಿಪೇರಿ ಮಾಡಿದವರು ಅದನ್ನು ಗುಜರಿಗೆ ಎಸೆದಿರುವುದು ಅಪರೂಪವೇನಲ್ಲ, ನೋಡಲು ಅದು ಅಷ್ಟು ಅಪ್ರಯೋಜಕವಾಗಿ ಕಾಣುತ್ತದೆ. ಆದರೆ ಮೇಲಿಂದ ಬಂದ ಗಾಳಿಯನ್ನು ಸಿಲಿಂಡರ್‌ನ ತಳದ ಫಿನ್‌ಗಳಿಗೂ (ಬಿಸಿ ಚೆಲ್ಲುವ ತೆಳು ಲೋಹದ ಪಟ್ಟಿಗಳು) ಸುತ್ತಿಸಿ ಕಳುಹಿಸುವುದು ಅದೇ. ಅದಿಲ್ಲದಿದ್ದರೆ ಸಿಲಿಂಡರ್‌ನ ಮೇಲ್ಭಾಗ ತಂಪಾಗಿ ಕೆಳಭಾಗ ಕಾಯುತ್ತದೆ.

ಮುಂದಿನ ಹಂತ ವಾಲ್ವ್ ಕವರ್. ಒಂದು ತಂತಿಯ ಹಿಡಿಕೆಯನ್ನು ಸರಿಸಿದರೆ ಸಾಕು, ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್ ಆರ್ಮ್‌ಗಳು ಕಾಣುತ್ತವೆ. ರಾಕರ್ ಆರ್ಮ್ ಮತ್ತು ವಾಲ್ವ್ ಕಾಂಡದ ತುದಿಯ ನಡುವಿನ ಅಂತರವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ 0.15 ಮಿಲಿಮೀಟರ್‌ಗೆ ಹೊಂದಿಸಬೇಕು. ಹೊಂದಿಸುವ ಮೊದಲು ಹಳೆಯ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಹೊಂದಿಸುವುದಕ್ಕಿಂತಲೂ ಮುಖ್ಯವೆಂದು ನನ್ನ ಎಣಿಕೆ. ಒಂದೇ ಎಕ್ಸಾಸ್ಟ್ ವಾಲ್ವ್‌ನ (ಹೊಗೆ ಹೊರಬಿಡುವ ವಾಲ್ವ್) ಅಂತರ ಪ್ರತಿ ಸಲವೂ ಕಿರಿದಾಗುತ್ತಿದ್ದರೆ, ಆ ವಾಲ್ವ್‌ನ ಕಾಂಡ ಬಿಸಿಗೆ ಹಿಗ್ಗುತ್ತಿದೆ ಅಥವಾ ಅದರ ಸೀಟು ಒಳಗಿಳಿಯುತ್ತಿದೆ ಎಂದರ್ಥ; ವಾಲ್ವ್‌ನ ತಲೆ ತುಂಡಾಗಿ ಪಿಸ್ಟನ್ ಮೇಲೆ ಬೀಳುವ ಮುನ್ನ ಅದು ಕೊಡುವ ಮುನ್ಸೂಚನೆ ಇದೊಂದೇ ಇರಬಹುದು.

ಈ ತೊಂದರೆ ಹೆಚ್ಚಾಗಿ ಮೂರನೇ ಸಿಲಿಂಡರ್‌ನಲ್ಲೇ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಕವಚದ ಒಳಗೆ, ಎಡಬದಿಯಲ್ಲಿ, ಸಿಲಿಂಡರ್‌ಗೆ ಇಳಿಯುವ ಗಾಳಿಗೆ ಅಡ್ಡವಾಗಿ ನಿಂತಿತ್ತು. ಮೂರನೆಯದಕ್ಕೆ ತಲುಪುತ್ತಿದ್ದುದು ಕಡಿಮೆ ಗಾಳಿ, ಅದೂ ಕೂಲರ್ ದಾಟಿ ಬೆಚ್ಚಗಾದ ಗಾಳಿ. ಇದನ್ನು ಸರಿದೂಗಿಸಲು ಹಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ) ಆ ಸಿಲಿಂಡರ್‌ನ ಕಿಡಿಯನ್ನು ತುಸು ತಡವಾಗಿ ಹೊತ್ತಿಸುವ ಏರ್ಪಾಟು ಮಾಡಲಾಗಿತ್ತು. 1971ರ ಮಾದರಿಯಿಂದ ಕೂಲರ್ ಪ್ರತ್ಯೇಕ ಗೂಡಿಗೆ ಸ್ಥಳಾಂತರಗೊಂಡಿತು.

ಈಗ ಸಿಲಿಂಡರ್‌ಗಳ ತುದಿ ಮುಚ್ಚುವ ಹೆಡ್ ಬಿಚ್ಚಬಹುದು. ಎರಡು ಸಿಲಿಂಡರ್‌ಗಳಿಗೆ ಒಂದರಂತೆ ಎರಡು ಅಲ್ಯೂಮಿನಿಯಂ ಹೆಡ್‌ಗಳಿದ್ದು, ಪ್ರತಿಯೊಂದಕ್ಕೂ ಎಂಟು ನಟ್‌ಗಳಿವೆ. ಹೆಡ್ ಮತ್ತು ಎರಕದ ಕಬ್ಬಿಣದ ಬ್ಯಾರೆಲ್ (ಸಿಲಿಂಡರ್) ನಡುವೆ ಗಾಸ್ಕೆಟ್ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, 1600 ಸಿಸಿಯಲ್ಲಿ ಲೋಹವೇ ಲೋಹವನ್ನು ಮುಚ್ಚುತ್ತದೆ. ಈ ನಟ್‌ಗಳು ಕೂರುವ ಸ್ಟಡ್ ಬಿಚ್ಚುವಾಗ ಅದರ ತಿರುಪಿನ ಎಳೆಗಳಲ್ಲಿ ಬೂದುಬಣ್ಣದ ಪುಡಿಲೋಹ ಸುತ್ತಿಕೊಂಡು ಬಂದರೆ ಮಾತ್ರ ಗಂಭೀರವಾಗಿ ಪರಿಗಣಿಸಿ: ಮೆಗ್ನೀಸಿಯಂ ಮಿಶ್ರಲೋಹದ ಕೇಸಿನಿಂದ (ಕ್ರ್ಯಾಂಕ್‌ಶಾಫ್ಟನ್ನು ಹೊತ್ತ ಎಂಜಿನ್ ಒಡಲು) ಎಳೆ ಕಿತ್ತುಬಂದಿದೆ, ಅಲ್ಲಿಗೆ ಉಕ್ಕಿನ ಇನ್ಸರ್ಟ್ ಕೂರಿಸಬೇಕು. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಫ್ಲೈವೀಲ್ (ಕ್ರ್ಯಾಂಕ್‌ಶಾಫ್ಟ್ ತುದಿಯ ಭಾರವಾದ ಚಕ್ರ) ಕಡೆಗಿರಬೇಕು.

ಕೇಸ್ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಬಲಹೋಳನ್ನು ಎತ್ತುವಾಗ ಅದರೊಳಗಿನ ಟ್ಯಾಪೆಟ್‌ಗಳು (ವಾಲ್ವ್ ತೆರೆಯುವ ಒತ್ತನ್ನು ದಾಟಿಸುವ ತುಂಡುಗಳು) ಜಾರಿ ಬೀಳುತ್ತವೆ, ಹಾಗಾಗಿ ಕ್ಲಿಪ್ ಹಾಕಿಕೊಂಡೇ ಎತ್ತಿ. ಕ್ರ್ಯಾಂಕ್‌ಶಾಫ್ಟ್ ನಾಲ್ಕು ಮುಖ್ಯ ಬೇರಿಂಗ್‌ಗಳ ಮೇಲೆ ಮಲಗಿದ್ದು, ಎರಡನೆಯದು ಮಾತ್ರ ಎರಡು ಹೋಳಿನದು, ಉಳಿದವು ಇಡೀ ಬಳೆಗಳು. ಪ್ರತಿ ಬೇರಿಂಗ್ ತಿರುಗದಂತೆ ಹಿಡಿಯಲು ಕೇಸಿನಲ್ಲಿ ಪುಟ್ಟ ಪಿನ್ ಇರುತ್ತದೆ. ಜೋಡಿಸುವಾಗ ಬಳೆ ಪಿನ್ ಮೇಲೆ ಸರಿಯಾಗಿ ಕೂರದೆ ಕೇಸ್ ಬಿಗಿದರೆ ಬೇರಿಂಗ್ ಹಾಳು; ನಾನೇ ಒಮ್ಮೆ ಹಾಗೆ ಮಾಡಿ, ಬಿಚ್ಚಿದಾಗ ಬೇರಿಂಗ್ ಬೆನ್ನಿನಲ್ಲಿ ಪಿನ್ ಕೊರೆದ ಗುಳಿ ಕಂಡೆ. ಅಂದಿನಿಂದ ಖಾಲಿ ಕೇಸಿನಲ್ಲಿ ಬೇರಿಂಗನ್ನು ಪಿನ್‌ಗೆ ಕೂರಿಸಿ, ಕೇಸಿನ ಅಂಚಿಗೆ ಸರಿಯಾಗಿ ಅದರ ಮೇಲೆ ಗೆರೆ ಎಳೆದಿಟ್ಟುಕೊಳ್ಳುತ್ತೇನೆ.

ಕ್ರ್ಯಾಂಕ್‌ನ ಕೆಳಗೆ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಇದೆ, ನಡುವೆ ಸರಪಳಿ ಇಲ್ಲ, ಗೇರಿಗೆ ಗೇರು. ಕ್ಯಾಮ್ ಗೇರಿನ ಗುರುತು ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ಬಂದರೆ ಟೈಮಿಂಗ್ ಸರಿಯಿದೆ. ಕ್ಯಾಮ್‌ಶಾಫ್ಟ್‌ನ ತುದಿಯೇ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ಇಲ್ಲಿ ಆಯಿಲ್ ಕೇವಲ ಸವೆತ ತಡೆಯುವುದಿಲ್ಲ, ಗಾಳಿ ಮುಟ್ಟಲಾಗದ ಬೇರಿಂಗ್‌ಗಳ ಬಿಸಿಯನ್ನು ಹೊತ್ತು ಕೂಲರ್‌ಗೆ ಒಯ್ಯುತ್ತದೆ. ಇರುವುದು ಕೇವಲ 2.5 ಲೀಟರ್, ಸೋಸಲು ತಂತಿಜಾಲರಿಯ ಹೊರತು ಬೇರೆ ಫಿಲ್ಟರ್ ಇಲ್ಲ. ಆದ್ದರಿಂದಲೇ 5,000 ಕಿಲೋಮೀಟರ್‌ಗೊಮ್ಮೆ ಆಯಿಲ್ ಬದಲಿಸಬೇಕು.

ಕೊನೆಯ ಪರೀಕ್ಷೆಯನ್ನು ಎಂಜಿನ್ ಬಿಚ್ಚುವ ಮೊದಲೇ ಮಾಡಬಹುದು. ಎಂಜಿನ್ ನಿಂತಿರುವಾಗ ಹಿಂಬದಿಯ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಎಳೆದು ತಳ್ಳಿ. ಫ್ಲೈವೀಲ್ ಹಿಂದಿನ ಮೂರು ಶಿಮ್‌ಗಳು (ತೆಳು ಲೋಹದ ಬಳೆಗಳು) ಈ ಆಟವನ್ನು 0.07ರಿಂದ 0.13 ಮಿಲಿಮೀಟರ್‌ಗೆ ಮಿತಗೊಳಿಸುತ್ತವೆ, ಅಷ್ಟು ಚಲನೆ ಕೈಗೆ ಗೊತ್ತಾಗುವುದೇ ಕಷ್ಟ. ಟಕ್ ಎಂದು ಸದ್ದಾಗುವಷ್ಟು ಆಡಿದರೆ ಮೊದಲ ಬೇರಿಂಗ್ ಅಥವಾ ಅದು ಕುಳಿತ ಕೇಸಿನ ಗೂಡು ಸವೆದಿದೆ, ಆಗ ಹೊಸ ಪಿಸ್ಟನ್ ಕೊಳ್ಳುವ ಮುನ್ನ ಕೇಸನ್ನು ಅಳೆಯಿಸಿ.